ಗೆಲ್ಲುವ ಅಭ್ಯರ್ಥಿಯ ಲೆಕ್ಕ: 1969ರ ರಾಷ್ಟ್ರಪತಿ ಚುನಾವಣೆ ಮತ್ತು ಮಲೆನಾಡು

ಚುನಾವಣೆ ಹತ್ತಿರ ಬಂತೆಂದರೆ ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ, ‘ಯಾರು ಒಳ್ಳೆಯವರು?’ ಎಂಬುದಲ್ಲ, ‘ಯಾರು ಗೆಲ್ಲುತ್ತಾರೆ?’ ಎಂಬುದು. ಹೆಗ್ಗೋಡಿನ ಚಾದಂಗಡಿಯಲ್ಲಿ, ಸಾಗರದ ಅಡಿಕೆ ಮಂಡಿಯಲ್ಲಿ, ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಕೂತವರು ಜಾತಿ, ಊರು, ಹಳೇ ಜಗಳ, ಹೊಸ ನೆಂಟಸ್ತನ ಎಲ್ಲವನ್ನೂ ಕೂಡಿ ಕಳೆದು ಫಲಿತಾಂಶ ಹೇಳುತ್ತಾರೆ. ಪಕ್ಷದ ಹೈಕಮಾಂಡ್ ದೊಡ್ಡ ಕೋಣೆಯಲ್ಲಿ ಕೂತು ಮಾಡುವುದೂ ಇದೇ ಕೆಲಸವನ್ನೇ. ಪತ್ರಿಕೆಗಳು ಅದಕ್ಕೆ ‘ಗೆಲ್ಲುವ ಸಾಮರ್ಥ್ಯ’ ಎಂದು ಹೆಸರಿಟ್ಟಿವೆ.

ರಾಷ್ಟ್ರಪತಿ ಚುನಾವಣೆಯಲ್ಲಿ ಚಾದಂಗಡಿಯವರಿಗೆ ಮತವಿಲ್ಲ. ಹಾಗಾಗಿ ಆ ಲೆಕ್ಕ ಸುಲಭ ಎಂದು ಅನ್ನಿಸುತ್ತದೆ. ಮತದಾರರು ಕೆಲವೇ ಸಾವಿರ. ಅವರೆಲ್ಲರ ಹೆಸರು, ಪಕ್ಷ, ಮತದ ಮೌಲ್ಯ ಮೊದಲೇ ಗೊತ್ತಿರುತ್ತದೆ. ಪೆನ್ಸಿಲ್ ಹಿಡಿದು ಕೂತರೆ ಸಂಜೆಯೊಳಗೆ ಫಲಿತಾಂಶ ಬರೆದಿಡಬಹುದು. ಹಾಗೆ ಬರೆದಿಟ್ಟ ಲೆಕ್ಕ ಭಾರತದಲ್ಲಿ ಒಮ್ಮೆ ಮಾತ್ರ ತಲೆಕೆಳಗಾಯಿತು. ಅದು 1969ರಲ್ಲಿ. ಆ ಲೆಕ್ಕ ಹಾಕಿದ್ದು ಬೆಂಗಳೂರಿನಲ್ಲಿ, ಹಾಕಿದವರ ಮುಂದಾಳು ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ಅದು ತಪ್ಪಿದ್ದರ ಪರಿಣಾಮ ಐದು ವರ್ಷ ಸುತ್ತಿಬಳಸಿ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಗೇಣಿ ಗದ್ದೆಗಳಿಗೂ ಬಂದು ತಲುಪಿತು. ಗೆಲ್ಲುವ ಅಭ್ಯರ್ಥಿಯನ್ನು ಹುಡುಕುವ ಭರದಲ್ಲಿ, ಗೆಲುವಿಗೆಂದು ಮಾಡಿಕೊಂಡ ಹೊಂದಾಣಿಕೆಯೇ ಸೋಲಿನ ದಾರಿಯಾಗುವುದು ಹೇಗೆ ಎನ್ನುವುದಕ್ಕೆ ಆ ಚುನಾವಣೆಗಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಇತಿಹಾಸದಲ್ಲಿ ಸಿಗುವುದು ಕಷ್ಟ.

ಕೊಳಗದ ಅಳತೆ

ಮೊದಲು ಅಳತೆಯ ಮಾತು. ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರು ಮತ್ತು ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು. ವಿಧಾನ ಪರಿಷತ್ತಿನವರಿಗೆ, ನಾಮಕರಣಗೊಂಡವರಿಗೆ ಇಲ್ಲಿ ಮತವಿಲ್ಲ. ಎಲ್ಲ ಮತಗಳ ತೂಕವೂ ಒಂದೇ ಅಲ್ಲ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಸಾವಿರದಿಂದ ಭಾಗಿಸಿದರೆ ಆ ರಾಜ್ಯದ ಒಬ್ಬ ಶಾಸಕನ ಮತದ ಮೌಲ್ಯ ಸಿಗುತ್ತದೆ. ಎಲ್ಲ ರಾಜ್ಯಗಳ ಶಾಸಕರ ಒಟ್ಟು ಮೌಲ್ಯವನ್ನು ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬ ಸಂಸದನ ಮತದ ಮೌಲ್ಯ.

1961ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 2,35,86,772. ಆಗಿನ ವಿಧಾನಸಭೆಯ ಸ್ಥಾನಗಳು 216. ಭಾಗಿಸಿ ನೋಡಿದರೆ ನಮ್ಮ ಒಬ್ಬ ಶಾಸಕನ ಮತಕ್ಕೆ 109. ಮದರಾಸಿನ ಶಾಸಕನಿಗೆ 144, ಉತ್ತರಪ್ರದೇಶದವನಿಗೆ 174. ಸಂಸದನ ಮತ 576.

ಈ ಭಾಗಾಕಾರ ಒಣ ವಿಷಯವೆಂದು ಬಿಟ್ಟು ಮುಂದೆ ಹೋಗಬಹುದಿತ್ತು. ಆದರೆ ನಮ್ಮ ಸೀಮೆಗೆ ಅಳತೆಯ ರಾಜಕೀಯ ಹೊಸದಲ್ಲ. 1951ರ ಕಾಗೋಡು ಸತ್ಯಾಗ್ರಹ ಶುರುವಾದದ್ದೇ ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬ ತಕರಾರಿನಿಂದ. ಒಡೆಯರ ಮನೆಯ ಕೊಳಗ ದೊಡ್ಡದು, ಅದರಲ್ಲಿ ಅಳೆದರೆ ತಮಗೆ ಉಳಿಯುವುದು ಕಡಿಮೆ ಎಂದು ದೀವರ ಗೇಣಿದಾರರು ಹೇಳಿದರು. ಹೋರಾಟಕ್ಕೆ ಎಚ್. ಗಣಪತಿಯಪ್ಪ ನಿಂತರು, ಸಮಾಜವಾದಿಗಳು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆಗೋಲು ಯಾರ ಕೈಯಲ್ಲಿದೆ ಎಂಬುದು ಎಷ್ಟು ದೊಡ್ಡ ಪ್ರಶ್ನೆ ಎಂದು ಸಾಗರ ತಾಲ್ಲೂಕಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1969ರಲ್ಲಿ ನಮ್ಮ ಕಡೆಯಿಂದ ಮತ ಹಾಕುವ ಹಕ್ಕಿದ್ದವರಲ್ಲಿ ಆ ಹೋರಾಟದ ಪರಂಪರೆಯವರೇ ಎದ್ದು ಕಾಣುತ್ತಾರೆ. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಮೊದಲ ಬಾರಿ ವಿಧಾನಸಭೆಗೆ ಹೋದವರು. 1967ರಲ್ಲಿ ತೀರ್ಥಹಳ್ಳಿಯ ಶಾಸಕರಾಗಿದ್ದರು. ಅದೇ ವರ್ಷ ಸೊರಬದಿಂದ ಎಸ್. ಬಂಗಾರಪ್ಪ ಮೊದಲ ಬಾರಿ ಗೆದ್ದಿದ್ದರು. ಶಿವಮೊಗ್ಗದ ಲೋಕಸಭಾ ಸ್ಥಾನ ಸಂಯುಕ್ತ ಸಮಾಜವಾದಿ ಪಕ್ಷದ ಜೆ.ಎಚ್. ಪಟೇಲರದು, ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ಹೆಸರಾದವರು ಅವರು. ಗೌಡರ ಕೈಯಲ್ಲಿ 109, ಪಟೇಲರ ಕೈಯಲ್ಲಿ 576. ಈ ಎರಡು ಸಂಖ್ಯೆಗಳು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತವೆ.

ಲಾಲ್‌ಬಾಗಿನಲ್ಲಿ ನಡೆದ ಎಣಿಕೆ

1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಆ ಹೊಣೆ ಹೊತ್ತರು. ಆ ಹೊತ್ತಿಗೆ ಕಾಂಗ್ರೆಸ್ಸು ಮೊದಲಿನ ಕಾಂಗ್ರೆಸ್ಸಾಗಿರಲಿಲ್ಲ. 1967ರ ಚುನಾವಣೆಯಲ್ಲಿ ಲೋಕಸಭೆಯ 520 ಸ್ಥಾನಗಳಲ್ಲಿ ಅದಕ್ಕೆ ಸಿಕ್ಕಿದ್ದು 283. ಎಂಟು ರಾಜ್ಯಗಳಲ್ಲಿ ಬಹುಮತ ಕೈತಪ್ಪಿತ್ತು. ಅದೇ ವರ್ಷದ ರಾಷ್ಟ್ರಪತಿ ಚುನಾವಣೆಯಲ್ಲಿ ವಿರೋಧ ಪಕ್ಷಗಳು ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರನ್ನು ನಿಲ್ಲಿಸಿದಾಗ ಝಾಕಿರ್ ಹುಸೇನ್ ಗೆದ್ದಿದ್ದರು. ಅವರಿಗೆ 4,71,244, ಸುಬ್ಬರಾಯರಿಗೆ 3,63,971. ಬಾಬು ರಾಜೇಂದ್ರಪ್ರಸಾದ್, ರಾಧಾಕೃಷ್ಣನ್ ಅವರ ಕಾಲದ ಏಕಪಕ್ಷೀಯ ಗೆಲುವಿನ ದಿನಗಳು ಮುಗಿದಿದ್ದವು. ಕಾಂಗ್ರೆಸ್ಸು ಒಗ್ಗಟ್ಟಾಗಿದ್ದರೆ ಗೆಲ್ಲುತ್ತದೆ, ಬಿರುಕು ಬಿಟ್ಟರೆ ಸೋಲುತ್ತದೆ ಎನ್ನುವ ಮಟ್ಟಕ್ಕೆ ಲೆಕ್ಕ ಬಂದು ನಿಂತಿತ್ತು.

ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆಯಿತು. ಪಕ್ಷದ ಅಧ್ಯಕ್ಷ ನಿಜಲಿಂಗಪ್ಪನವರಿಗೆ ಅದು ತವರು ನೆಲ. ಪ್ರಧಾನಿ ಇಂದಿರಾ ಗಾಂಧಿ ಬ್ಯಾಂಕುಗಳ ರಾಷ್ಟ್ರೀಕರಣ, ಭೂಸುಧಾರಣೆ ಮುಂತಾದ ವಿಷಯಗಳ ಟಿಪ್ಪಣಿಯೊಂದನ್ನು ಕಳಿಸಿದ್ದರು. ಅದರ ಬಗ್ಗೆ ದೊಡ್ಡ ಜಗಳವೇನೂ ಆಗಲಿಲ್ಲ. ಜಗಳ ಆದದ್ದು ರಾಷ್ಟ್ರಪತಿ ಅಭ್ಯರ್ಥಿಯ ಬಗ್ಗೆ, ಪಕ್ಷದ ಸಂಸದೀಯ ಮಂಡಳಿಯಲ್ಲಿ.

ಮಂಡಳಿಯಲ್ಲಿ ಎಂಟು ಜನ. ಗಾಂಧೀಜಿ ಜನ್ಮಶತಾಬ್ದಿಯ ವರ್ಷ, ದಲಿತ ನಾಯಕ ಜಗಜೀವನ್ ರಾಮ್ ರಾಷ್ಟ್ರಪತಿಯಾಗಲಿ ಎಂದರು ಇಂದಿರಾ. ಫಕ್ರುದ್ದೀನ್ ಅಲಿ ಅಹ್ಮದ್ ಅವರ ಜೊತೆ ನಿಂತರು. ಕಾಮರಾಜ್, ಎಸ್.ಕೆ. ಪಾಟೀಲ್, ಮೊರಾರ್ಜಿ ದೇಸಾಯಿ, ವೈ.ಬಿ. ಚವಾಣ್ ಈ ನಾಲ್ವರು ಲೋಕಸಭೆಯ ಸ್ಪೀಕರ್ ನೀಲಂ ಸಂಜೀವ ರೆಡ್ಡಿಯವರ ಪರ. ನಾಲ್ಕಕ್ಕೆ ಎರಡು. ರೆಡ್ಡಿ ಅಭ್ಯರ್ಥಿಯಾದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ರೆಡ್ಡಿಯವರನ್ನು ಆರಿಸಿದವರು ಗೆಲ್ಲುವ ಅಭ್ಯರ್ಥಿಯನ್ನೇ ಆರಿಸಿದ್ದೇವೆ ಎಂದು ತಿಳಿದಿದ್ದಕ್ಕೆ ಕಾರಣಗಳಿದ್ದವು. ರೆಡ್ಡಿ ಆಂಧ್ರದ ಮುಖ್ಯಮಂತ್ರಿಯಾಗಿದ್ದವರು, ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು, ಸ್ಪೀಕರ್ ಆಗಿ ಎಲ್ಲ ಪಕ್ಷಗಳ ಪರಿಚಯವಿದ್ದವರು. ದಕ್ಷಿಣದ ಬೆಂಬಲವಿತ್ತು. ಪಕ್ಷದ ಯಂತ್ರ ಅವರ ಹಿಂದಿತ್ತು. ಇಂದಿರಾ ಅವರೇ ನಾಮಪತ್ರಕ್ಕೆ ಸಹಿ ಹಾಕಿದ್ದರು. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಭದ್ರವಾದ ಅಭ್ಯರ್ಥಿ ಸಿಗುತ್ತಿರಲಿಲ್ಲ.

ಎದುರಾಳಿಯೂ ಮೈಸೂರಿಗೆ ಹೊಸಬರಲ್ಲ. ವಿ.ವಿ. ಗಿರಿ 1965ರಿಂದ 1967ರವರೆಗೆ ಮೈಸೂರಿನ ರಾಜ್ಯಪಾಲರಾಗಿದ್ದರು. ಆಗ ಮುಖ್ಯಮಂತ್ರಿ ನಿಜಲಿಂಗಪ್ಪನವರೇ. ಗಿರಿ ಕಾರ್ಮಿಕ ಸಂಘಟನೆಯಿಂದ ಬಂದ ಹಿರಿಯರು. ಅವರು ಉಪರಾಷ್ಟ್ರಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದಾಗ, ರಾಜಭವನದಲ್ಲಿ ತಾವು ಕಂಡಿದ್ದ ವ್ಯಕ್ತಿ ತಮ್ಮ ಪಕ್ಷವನ್ನು ಎರಡು ಹೋಳು ಮಾಡುವ ಚುನಾವಣೆಗೆ ನೆಪವಾಗುತ್ತಾರೆಂದು ನಿಜಲಿಂಗಪ್ಪ ಊಹಿಸಿರಲಾರರು.

ಆಮೇಲಿನ ದಿನಗಳು ವೇಗವಾಗಿ ಸಾಗಿದವು. ಜುಲೈ 16ರಂದು ಮೊರಾರ್ಜಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು. 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಬಂತು. ರಾಷ್ಟ್ರಪತಿ ಯಾರಾಗಬೇಕು ಎಂಬ ಒಳಕೋಣೆಯ ಪ್ರಶ್ನೆಗೆ ಈಗ ಬೀದಿಯ ಪ್ರಶ್ನೆಯೊಂದು ಸೇರಿಕೊಂಡಿತು: ನೀವು ಬಡವರ ಕಡೆಯೋ, ಸಿರಿವಂತರ ಕಡೆಯೋ?

ಎರಡನೇ ಪ್ರಾಶಸ್ತ್ಯ

ರಾಷ್ಟ್ರಪತಿ ಚುನಾವಣೆಯ ಮತಪತ್ರದಲ್ಲಿ ಮುದ್ರೆ ಒತ್ತುವುದಿಲ್ಲ; 1, 2, 3 ಎಂದು ಅಂಕಿ ಹಾಕುತ್ತಾರೆ. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬಾರದಿದ್ದರೆ, ಕೊನೆಯಲ್ಲಿರುವವರನ್ನು ಒಬ್ಬೊಬ್ಬರಾಗಿ ತೆಗೆದು, ಅವರ ಪತ್ರಗಳಲ್ಲಿ ಮುಂದಿನ ಅಂಕಿ ಯಾರಿಗಿದೆಯೋ ಅವರಿಗೆ ಸೇರಿಸುತ್ತಾರೆ. ಅದುವರೆಗಿನ ನಾಲ್ಕು ಚುನಾವಣೆಗಳಲ್ಲಿ ಈ ಎರಡನೇ ಅಂಕಿಯನ್ನು ಎಣಿಸುವ ಪ್ರಮೇಯವೇ ಬಂದಿರಲಿಲ್ಲ.

1969ರಲ್ಲಿ ಸ್ಪರ್ಧಿಸಿದವರು 15 ಮಂದಿ. ಲೆಕ್ಕಕ್ಕೆ ಬರುವವರು ಮೂವರು. ರೆಡ್ಡಿ, ಗಿರಿ, ಮತ್ತು ಜನಸಂಘ ಹಾಗೂ ಸ್ವತಂತ್ರ ಪಕ್ಷಗಳ ಬೆಂಬಲದ ಸಿ.ಡಿ. ದೇಶಮುಖ್. ದೇಶಮುಖರು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ, ಆಮೇಲೆ ನೆಹರೂ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿ ಕೆಲಸ ಮಾಡಿದವರು. ಅವರು ಗೆಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ಅವರ ಮತಪತ್ರಗಳ ಮೇಲಿನ ಎರಡನೇ ಅಂಕಿ ಅಮೂಲ್ಯವಾಯಿತು.

ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡು, ಎರಡನೇ ಪ್ರಾಶಸ್ತ್ಯವನ್ನು ರೆಡ್ಡಿಯವರಿಗೆ ಕೊಡಿರೆಂದು ಕೇಳಿದರು. ಗಣಿತದ ದೃಷ್ಟಿಯಿಂದ ಇದಕ್ಕಿಂತ ಜಾಣತನದ ಹೆಜ್ಜೆ ಇರಲಿಲ್ಲ. ವಕೀಲರಾಗಿ, ರಾಜ್ಯದ ಏಕೀಕರಣದ ಹಿರಿಯರಾಗಿ, ಎರಡು ಅವಧಿಗೆ ಮುಖ್ಯಮಂತ್ರಿಯಾಗಿ ಅವರು ಹೊಂದಾಣಿಕೆಯ ರಾಜಕಾರಣವನ್ನು ಚೆನ್ನಾಗಿ ಬಲ್ಲವರು. ಎದುರಾಳಿಯೊಡನೆ ಮಾತಾಡುವುದು ಅವರಿಗೆ ಪಾಪವಾಗಿ ಕಂಡಿರಲಿಲ್ಲ.

ಆದರೆ ಇಂದಿರಾ ಬಣಕ್ಕೆ ಅದುವರೆಗೆ ಇಲ್ಲದಿದ್ದ ಒಂದು ವಸ್ತು ಇದರಿಂದ ಸಿಕ್ಕಿತು: ಮರ್ಯಾದೆಯ ಕಾರಣ. ಪ್ರಧಾನಿ ತಾವೇ ಸಹಿ ಹಾಕಿದ ಅಭ್ಯರ್ಥಿಯ ವಿರುದ್ಧ ನಿಲ್ಲುವುದು ಹೇಗೆ? ನಿಂತರೆ ಅದು ಪಕ್ಷದ್ರೋಹ. ಆದರೆ ಪಕ್ಷದ ಅಧ್ಯಕ್ಷರೇ ಜನಸಂಘದ ಜೊತೆ ಒಳಮಾತು ನಡೆಸಿದ್ದಾರೆ ಎಂದ ಮೇಲೆ ದ್ರೋಹ ಯಾರದು? ಜಗಜೀವನ್ ರಾಮ್ ಮತ್ತು ಫಕ್ರುದ್ದೀನ್ ಅಲಿ ಅಹ್ಮದ್ ಈ ಮಾತುಕತೆಯ ಬಗ್ಗೆಯೇ ವಿವರಣೆ ಕೇಳಿ ನಿಜಲಿಂಗಪ್ಪನವರಿಗೆ ಪತ್ರ ಬರೆದರು. ಕಾಂಗ್ರೆಸ್ ಸದಸ್ಯರಿಗೆ ಮುಕ್ತವಾಗಿ ಮತ ಹಾಕಲು ಬಿಡಬೇಕೆಂದರು. ವಿಪ್ ಹೊರಡಿಸಿ ಎಂದು ಅಧ್ಯಕ್ಷರು ಕೇಳಿದಾಗ ಪ್ರಧಾನಿ ಒಪ್ಪಲಿಲ್ಲ. ‘ಆತ್ಮಸಾಕ್ಷಿಯ ಮತ’ ಎಂಬ ಮಾತು ಹುಟ್ಟಿತು. ಅಲ್ಲಿಂದಾಚೆ ನಮ್ಮ ರಾಜಕಾರಣದಲ್ಲಿ ಆ ಮಾತನ್ನು ಆತ್ಮಸಾಕ್ಷಿ ಇದ್ದವರೂ ಇಲ್ಲದವರೂ ಬಳಸಿದ್ದಾರೆ.

ಪೆಟ್ಟಿಗೆ ತೆರೆದಾಗ

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಸಿಂಧುವಾದ ಮತಗಳ ಮೌಲ್ಯ 8,36,337. ಗೆಲ್ಲಲು ಬೇಕಾದ ಕೋಟಾ 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಉಳಿದದ್ದು ಚಿಲ್ಲರೆ.

ಕೋಟಾ ಯಾರೂ ಮುಟ್ಟಲಿಲ್ಲ. ಕೆಳಗಿನವರ ಪತ್ರಗಳನ್ನು ಹಂಚಿದ ಮೇಲೆ ಗಿರಿ 4,20,077ಕ್ಕೆ ಏರಿದರು, ರೆಡ್ಡಿ 4,05,427ಕ್ಕೆ. ಅಂತರ 14,650.

ಈ ಅಂಕಿಗಳನ್ನು ಬಿಡಿಸಿ ನೋಡಿದರೆ ಕಥೆ ಇನ್ನೂ ಸ್ಪಷ್ಟವಾಗುತ್ತದೆ. ಗಿರಿ, ರೆಡ್ಡಿ ಇಬ್ಬರನ್ನು ಬಿಟ್ಟು ಉಳಿದ 13 ಮಂದಿಗೆ ಬಿದ್ದ ಮೊದಲ ಪ್ರಾಶಸ್ತ್ಯದ ಮತಗಳ ಒಟ್ಟು ಮೌಲ್ಯ 1,21,274. ಹಂಚಿಕೆಯಲ್ಲಿ ಅದರಲ್ಲಿ ರೆಡ್ಡಿಯವರಿಗೆ ಹೋದದ್ದು 91,879. ಅಂದರೆ ನಾಲ್ಕರಲ್ಲಿ ಮೂರು ಪಾಲು. ಗಿರಿಯವರಿಗೆ 18,562. ಮುಂದಿನ ಅಂಕಿಯೇ ಇಲ್ಲದೆ ಯಾರಿಗೂ ಸೇರದೆ ಉಳಿದದ್ದು 10,833. ಹಾಗಾದರೆ ನಿಜಲಿಂಗಪ್ಪನವರ ಹೊಂದಾಣಿಕೆ ಕೈಕೊಟ್ಟಿತೆ? ಇಲ್ಲ. ಜನಸಂಘ, ಸ್ವತಂತ್ರ ಪಕ್ಷಗಳು ಕೊಟ್ಟ ಮಾತನ್ನು ಬಹುಮಟ್ಟಿಗೆ ಉಳಿಸಿಕೊಂಡವು. ಮೊದಲ ಸುತ್ತಿನಲ್ಲಿ ರೆಡ್ಡಿ 87,967ರಷ್ಟು ಹಿಂದಿದ್ದರು. ಎರಡನೇ ಪ್ರಾಶಸ್ತ್ಯದಿಂದ ಬಂದದ್ದು ಅದಕ್ಕಿಂತ ಹೆಚ್ಚು. ಯಾರಿಗೂ ಸೇರದೆ ಉಳಿದ ಮತಗಳೆಲ್ಲ ರೆಡ್ಡಿಯವರಿಗೇ ಬಂದಿದ್ದರೂ ಅವರು ಗೆಲ್ಲುತ್ತಿರಲಿಲ್ಲ.

ಅಂದರೆ ಹೊರಗಿನವರು ಕೊಡಬೇಕಾದದ್ದನ್ನು ಕೊಟ್ಟರು. ಕೊಡದಿದ್ದವರು ಮನೆಯವರು. ಅಧಿಕೃತ ಅಭ್ಯರ್ಥಿಗೆ ಮೊದಲ ಪ್ರಾಶಸ್ತ್ಯದಲ್ಲಿ ನೂರಕ್ಕೆ 37ರ ಆಸುಪಾಸು ಮಾತ್ರ ಬಿದ್ದದ್ದಕ್ಕೆ ಕಾರಣ ಕಾಂಗ್ರೆಸ್ಸಿನದೇ ಸಂಸದರು, ಶಾಸಕರು ಗಿರಿಯವರ ಹೆಸರಿನ ಮುಂದೆ 1 ಎಂದು ಬರೆದದ್ದು. ಎರಡನೇ ಅಂಕಿಯ ಬೆನ್ನು ಹತ್ತಿ ಹೋದವರು ಮೊದಲನೇ ಅಂಕಿಯನ್ನು ಕಳೆದುಕೊಂಡರು.

ಈಗ ಆ 109 ಮತ್ತು 576ಕ್ಕೆ ಬರೋಣ. ಕೊನೆಯ ಸುತ್ತಿನ ಅಂತರ 14,650 ಎಂದರೆ, ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ರೆಡ್ಡಿ ರಾಷ್ಟ್ರಪತಿ. ಮೈಸೂರಿನ ಶಾಸಕರ ಲೆಕ್ಕದಲ್ಲಿ 68 ಜನ. ಸಂಸದರ ಲೆಕ್ಕದಲ್ಲಿ 13. ಒಂದು ಮಿನಿಬಸ್ಸಿನಲ್ಲಿ ಹಿಡಿಯುವಷ್ಟು ಜನ.

ಚುನಾವಣೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ರೆಡ್ಡಿಯವರ ವಿರುದ್ಧ ಹೊಲಸು ಕರಪತ್ರವೊಂದನ್ನು ಹಂಚಿ ಮತದಾರರ ಮೇಲೆ ಪ್ರಭಾವ ಬೀರಲಾಯಿತು ಎಂಬುದು ಆರೋಪಗಳಲ್ಲಿ ಮುಖ್ಯವಾದದ್ದು. ಅಧಿಕಾರದಲ್ಲಿದ್ದ ರಾಷ್ಟ್ರಪತಿಯೇ ಸಾಕ್ಷಿ ಹೇಳಿದರು. 1970ರಲ್ಲಿ ಸುಪ್ರೀಂ ಕೋರ್ಟು ಅರ್ಜಿಗಳನ್ನು ವಜಾ ಮಾಡಿತು.

ಎಣಿಕೆಗೆ ಸಿಗದ್ದು

ಪಕ್ಷದ ಹಿರಿಯರು ಕೋಣೆಯೊಳಗೆ ಕೂತು ಅಭ್ಯರ್ಥಿಯನ್ನು ಆರಿಸುವುದು ನಮ್ಮ ದೇಶಕ್ಕೆ ಮಾತ್ರ ಸೇರಿದ ರೂಢಿಯಲ್ಲ. ಇದಕ್ಕೆ ಒಂದು ವರ್ಷ ಮೊದಲು, 1968ರ ಆಗಸ್ಟಿನಲ್ಲಿ, ಅಮೆರಿಕದ ಡೆಮಾಕ್ರಾಟಿಕ್ ಪಕ್ಷ ಶಿಕಾಗೋದಲ್ಲಿ ಸೇರಿ ಹ್ಯೂಬರ್ಟ್ ಹಂಫ್ರಿಯವರನ್ನು ಅಭ್ಯರ್ಥಿ ಮಾಡಿತ್ತು. ಅವರು ಪಕ್ಷದ ಪ್ರಾಥಮಿಕ ಚುನಾವಣೆಗಳಿಗೆ ನಿಂತವರಲ್ಲ. ಯಂತ್ರದ ಬಲದಿಂದ ಬಂದವರು. ಹೊರಗೆ ಬೀದಿಯಲ್ಲಿ ವಿಯೆಟ್ನಾಂ ಯುದ್ಧ ವಿರೋಧಿ ಯುವಕರಿಗೆ ಲಾಠಿ ಏಟು ಬೀಳುತ್ತಿತ್ತು. ನವೆಂಬರಿನಲ್ಲಿ ಹಂಫ್ರಿ ನಿಕ್ಸನ್ ಎದುರು ಕಡಿಮೆ ಅಂತರದಲ್ಲಿ ಸೋತರು. ಆಮೇಲೆ ಆ ಪಕ್ಷ ಅಭ್ಯರ್ಥಿಯನ್ನು ಆರಿಸುವ ನಿಯಮಗಳನ್ನೇ ಬದಲಿಸಿಕೊಂಡಿತು. ಕಾಂಗ್ರೆಸ್ಸು ನಿಯಮ ಬದಲಿಸಿಕೊಳ್ಳಲಿಲ್ಲ, ಒಡೆದುಹೋಯಿತು.

ಗೆಲ್ಲುವ ಅಭ್ಯರ್ಥಿಯ ಲೆಕ್ಕದಲ್ಲಿ ಒಂದು ಮೂಲಭೂತ ತೊಡಕಿದೆ. ಲೆಕ್ಕ ಹಾಕುವವನು ಮತದಾರನನ್ನು ಗೋಣಿಚೀಲದಲ್ಲಿರುವ ಭತ್ತದ ಹಾಗೆ ಎಣಿಸುತ್ತಾನೆ: ಇಷ್ಟು ನಮ್ಮದು, ಇಷ್ಟು ಅವರದು, ಇಷ್ಟನ್ನು ಅಲ್ಲಿಂದ ತಂದು ಸುರಿದರೆ ಸಾಕು. ಆದರೆ ಹೊರಗಿನಿಂದ ಏನನ್ನು ತರುತ್ತಿದ್ದೇವೆ ಎಂಬುದನ್ನು ನೋಡಿ ಒಳಗಿದ್ದದ್ದು ಕಾಲು ಬಂದು ಎದ್ದು ಹೋಗುತ್ತದೆ. ಭತ್ತಕ್ಕೆ ಕಾಲಿಲ್ಲ, ಮತದಾರನಿಗಿದೆ. ನಿಜಲಿಂಗಪ್ಪನವರ ಲೆಕ್ಕದಲ್ಲಿ ಕೂಡುವುದು ಸರಿಯಿತ್ತು. ಕೂಡಿದ್ದರಿಂದಲೇ ಆಗುವ ಕಳೆಯುವಿಕೆಗೆ ಅಲ್ಲಿ ಮನೆಯಿರಲಿಲ್ಲ.

ಇದಕ್ಕೆ ಒಂದು ಆಕ್ಷೇಪಣೆ ಇದೆ. ಜನಸಂಘದ ಜೊತೆ ಮಾತು ನಡೆಯದಿದ್ದರೂ ಇಂದಿರಾ ಬೆಂಬಲಿಗರು ರೆಡ್ಡಿಯವರಿಗೆ ಮತ ಹಾಕುತ್ತಿರಲಿಲ್ಲ, ಬ್ಯಾಂಕ್ ರಾಷ್ಟ್ರೀಕರಣದ ದಿನವೇ ದಾರಿ ಬೇರೆಯಾಗಿತ್ತು ಎನ್ನಬಹುದು. ಇದರಲ್ಲಿ ಹುರುಳಿದೆ. ಅಧಿಕಾರದ ಜಗಳ ಮೊದಲೇ ಇತ್ತು, ತತ್ವದ ಮಾತು ಆಮೇಲೆ ಅಂಟಿಕೊಂಡಿತು. ಆದರೆ ಬಣದ ನಾಯಕರ ಮಾತು ಬೇರೆ, ನಡುವೆ ನಿಂತ ಸಾಮಾನ್ಯ ಶಾಸಕನ ಮಾತು ಬೇರೆ. ಅವನಿಗೆ ಪಕ್ಷದ ಆದೇಶ ಮೀರಲು ಕಾರಣ ಬೇಕು. ಊರಿಗೆ ಹೋಗಿ ಹೇಳಬಹುದಾದ ಕಾರಣ. ಅಂತರ 13 ಸಂಸದರಷ್ಟು ಸಣ್ಣದಿರುವಾಗ ಅಂಥ ನಡುವಿನವರೇ ಫಲಿತಾಂಶ ಬರೆಯುವವರು. ಅವರ ಕೈಗೆ ಕಾರಣವನ್ನು ಕೊಟ್ಟದ್ದು ರೆಡ್ಡಿಯವರ ಪಾಳೆಯವೇ.

ಸಮಾಜವಾದಿಗಳ ಇಕ್ಕಟ್ಟು

ನಮ್ಮ ಸೀಮೆಯ ಸಮಾಜವಾದಿಗಳಿಗೆ ಈ ಚುನಾವಣೆ ದೂರದ ಜಗಳವಾಗಿರಲಿಲ್ಲ. ಲೋಹಿಯಾ 1967ರ ಅಕ್ಟೋಬರಿನಲ್ಲಿ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಸೂತ್ರ ಕಾಂಗ್ರೆಸ್ಸೇತರವಾದ: ಕಾಂಗ್ರೆಸ್ಸನ್ನು ಕದಲಿಸಲು ವಿರೋಧ ಪಕ್ಷಗಳೆಲ್ಲ, ಜನಸಂಘವೂ ಸೇರಿ, ಒಂದಾಗಬೇಕು. ಅದೂ ಗೆಲುವಿನ ಲೆಕ್ಕವೇ. 1967ರಲ್ಲಿ ಹಲವು ರಾಜ್ಯಗಳಲ್ಲಿ ಅದು ಫಲ ಕೊಟ್ಟಿತ್ತು. ಈಗ ಕಾಂಗ್ರೆಸ್ಸೇ ಎರಡಾಗಿ ನಿಂತಿದೆ. ಒಂದು ಹೋಳು ಜನಸಂಘದ ಕಡೆ ಕೈ ಚಾಚಿದೆ, ಇನ್ನೊಂದು ಹೋಳು ಸಮಾಜವಾದಿಗಳ ಮಾತನ್ನೇ ಎತ್ತಿಕೊಂಡು ಆಡುತ್ತಿದೆ. ಭೂಮಿ, ಬ್ಯಾಂಕು, ಬಡವ ಎಂದು ಇಪ್ಪತ್ತು ವರ್ಷದಿಂದ ಹೇಳಿದವರ ಮುಂದೆ, ಅದೇ ಮಾತನ್ನು ಅಧಿಕಾರದಲ್ಲಿರುವವರು ಹೇಳತೊಡಗಿದಾಗ ಏನು ಮಾಡಬೇಕು? ಅನುಮಾನಿಸಬೇಕೋ, ಒಪ್ಪಬೇಕೋ?

ರಾಷ್ಟ್ರಪತಿ ಚುನಾವಣೆಯಲ್ಲಿ ಮತ ಗುಪ್ತ. ಯಾವ ಪತ್ರ ಯಾರದು ಎಂದು ದಾಖಲೆಯಲ್ಲಿ ಉಳಿಯುವುದಿಲ್ಲ. ಉಳಿಯುವುದು ಇಕ್ಕಟ್ಟು ಮಾತ್ರ, ಮತ್ತು ಅದು ಸಾಹಿತ್ಯಕ್ಕೆ ಬಂದಿದೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ (1978) ಕಾದಂಬರಿಯ ಕೃಷ್ಣಪ್ಪಗೌಡನಲ್ಲಿ ಗೋಪಾಲಗೌಡರ ನೆರಳನ್ನು ಓದುಗರು ಕಂಡಿದ್ದಾರೆ. ಅಧಿಕಾರದ ಸಮೀಪ ಬಂದಾಗ ತತ್ವ ಏನಾಗುತ್ತದೆ ಎಂಬ ಅದರ ಪ್ರಶ್ನೆ ಆ ಕಾಲದ ಸಮಾಜವಾದಿಗಳೆಲ್ಲರ ಪ್ರಶ್ನೆ.

ಗದ್ದೆಗೆ ಬಂದ ಫಲಿತಾಂಶ

ಉಳಿದದ್ದು ಬೇಗ ನಡೆಯಿತು. 1969ರ ನವೆಂಬರ್ 12ರಂದು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ಪಕ್ಷ ಸಂಸ್ಥಾ ಕಾಂಗ್ರೆಸ್, ಆಡಳಿತ ಕಾಂಗ್ರೆಸ್ ಎಂದು ಎರಡಾಯಿತು. ಮೈಸೂರಿನಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರ ಸರ್ಕಾರ ನಿಜಲಿಂಗಪ್ಪನವರ ಕಡೆ ನಿಂತಿತು. ಇಂದಿರಾ ಬಣವನ್ನು ರಾಜ್ಯದಲ್ಲಿ ಕಟ್ಟುವ ಹೊಣೆ ಬಿದ್ದದ್ದು ದೇವರಾಜ ಅರಸರ ಮೇಲೆ. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನಗಳನ್ನೂ ಆಡಳಿತ ಕಾಂಗ್ರೆಸ್ಸು ಗೆದ್ದಿತು. ಶಿವಮೊಗ್ಗವೂ ಅದರಲ್ಲಿ ಸೇರಿತ್ತು. 1972ರಲ್ಲಿ ವಿಧಾನಸಭೆಯ 216ರಲ್ಲಿ 165. ಆ ಅಲೆಯ ನಡುವೆಯೂ ಸಾಗರದಿಂದ ಕಾಗೋಡು ತಿಮ್ಮಪ್ಪ ಸಮಾಜವಾದಿಯಾಗಿ ಗೆದ್ದು ಬಂದರು.

ಅರಸು ಮುಖ್ಯಮಂತ್ರಿಯಾದರು. ಆಮೇಲಿನದು ಮಲೆನಾಡಿನ ಮನೆಮನೆಯ ಕಥೆ. ಗೇಣಿ ಕಾನೂನು ಅದಕ್ಕೂ ಮೊದಲು ಇರಲಿಲ್ಲವೆಂದಲ್ಲ. 1957ರಲ್ಲಿ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಗಿ, 1961ರಲ್ಲಿ ಭೂಸುಧಾರಣೆ ಕಾಯ್ದೆ ಪಾಸಾಗಿ, 1965ರ ಅಕ್ಟೋಬರ್ 2ರಂದು ಜಾರಿಗೂ ಬಂದಿತ್ತು. ಆದರೆ ‘ಸ್ವಂತ ಸಾಗುವಳಿ’ಗೆ ಬೇಕೆಂದು ಒಡೆಯರು ಜಮೀನು ಬಿಡಿಸಿಕೊಳ್ಳುವ ದಾರಿ ಅದರಲ್ಲಿ ತೆರೆದೇ ಇತ್ತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿ ಆ ದಾರಿ ಮುಚ್ಚಿತು. ಗೇಣಿ ಜಮೀನು ಸರ್ಕಾರದ ವಶವಾಗಿ, ಗೇಣಿದಾರ ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತ. ನಮ್ಮ ಕಡೆ ‘ಡಿಕ್ಲರೇಷನ್ ಕೊಟ್ಟರು’ ಎನ್ನುವ ಮಾತು ಈಗಲೂ ಬಳಕೆಯಲ್ಲಿದೆ. ಕೆಲವು ಮನೆಗಳಲ್ಲಿ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ, ಕೆಲವು ಮನೆಗಳಲ್ಲಿ ನಿಟ್ಟುಸಿರಿನಿಂದ.

1969ರ ಚುನಾವಣೆ ಈ ಕಾನೂನನ್ನು ತಂದಿತು ಎಂದರೆ ಅದು ಅತಿಯಾದ ಮಾತು. ತಂದದ್ದು ಕಾಗೋಡಿನಿಂದ ಶುರುವಾದ ಹೋರಾಟ, ಸದನದಲ್ಲಿ ಗೋಪಾಲಗೌಡರಂಥವರು ಎತ್ತಿದ ದನಿ, ಹಿಂದುಳಿದವರನ್ನು ಒಗ್ಗೂಡಿಸಿದ ಅರಸರ ರಾಜಕಾರಣ. ಆದರೆ ನಿಜಲಿಂಗಪ್ಪನವರ ಲೆಕ್ಕ ಗೆದ್ದಿದ್ದರೆ ಪಕ್ಷ ಆ ರೀತಿ ಒಡೆಯುತ್ತಿರಲಿಲ್ಲ. ಹಳೆಯ ಭೂಮಾಲೀಕ ಬಲ ರಾಜ್ಯದ ಅಧಿಕಾರದಿಂದ ಅಷ್ಟು ಬೇಗ ಕೆಳಗಿಳಿಯುತ್ತಿರಲಿಲ್ಲ. ಅರಸರಿಗೆ ದಾರಿ ಅಷ್ಟು ಸುಲಭವಾಗಿ ತೆರೆಯುತ್ತಿರಲಿಲ್ಲ. ಇಷ್ಟನ್ನು ಹೇಳಲು ಅಡ್ಡಿಯಿಲ್ಲ. ಗೋಪಾಲಗೌಡರು 1972ರ ಜೂನ್ 9ರಂದು ತೀರಿಕೊಂಡರು. ಫಾರಂ ನಂಬರ್ 7 ಅವರು ಕಾಣದ ಕಾಗದ.

ಗೆದ್ದವರ ಕಥೆಗೂ ಒಂದು ಕಪ್ಪು ಬದಿ ಇದೆ. ಪಕ್ಷದ ಯಂತ್ರವನ್ನು ಆತ್ಮಸಾಕ್ಷಿಯ ಹೆಸರಿನಲ್ಲಿ ಮುರಿದವರು ಆಮೇಲೆ ಪಕ್ಷದಲ್ಲಿ ಬೇರೆ ಯಾರ ಆತ್ಮಸಾಕ್ಷಿಗೂ ಜಾಗ ಬಿಡಲಿಲ್ಲ. ಅಂದು ಇಂದಿರಾ ಜೊತೆ ನಿಂತ ಫಕ್ರುದ್ದೀನ್ ಅಲಿ ಅಹ್ಮದ್ 1974ರಲ್ಲಿ ರಾಷ್ಟ್ರಪತಿಯಾದರು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಆದೇಶಕ್ಕೆ ಸಹಿ ಹಾಕಿದವರು ಅವರೇ. 1977ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದವರು ಕನ್ನಡಿಗ ಬಿ.ಡಿ. ಜತ್ತಿ. ಅದೇ ವರ್ಷದ ಜುಲೈಯಲ್ಲಿ ಅವರಿಂದ ಆ ಸ್ಥಾನವನ್ನು ವಹಿಸಿಕೊಂಡವರು ನೀಲಂ ಸಂಜೀವ ರೆಡ್ಡಿ. ಅವಿರೋಧ ಆಯ್ಕೆ. ಎಂಟು ವರ್ಷದ ಹಿಂದೆ ಎಷ್ಟು ಎಣಿಸಿದರೂ ಕೂಡದ ಮತಗಳನ್ನು ಈ ಬಾರಿ ಎಣಿಸುವ ಅಗತ್ಯವೇ ಬೀಳಲಿಲ್ಲ. ಮನುಷ್ಯ ಅವರೇ, ‘ಗೆಲ್ಲುವ ಸಾಮರ್ಥ್ಯ’ ಅವರೊಳಗಿನ ಗುಣವಾಗಿದ್ದರೆ 1969ರಲ್ಲೂ ಇರಬೇಕಿತ್ತಲ್ಲ?

ಈಗ ಕರ್ನಾಟಕದ ಶಾಸಕನ ಮತದ ಮೌಲ್ಯ 131. ಅದು 1971ರ ಜನಗಣತಿಯ ಲೆಕ್ಕ. ಆಮೇಲಿನ ಜನಗಣತಿಗಳನ್ನು ಇದಕ್ಕೆ ತೆಗೆದುಕೊಳ್ಳದಂತೆ ಸಂವಿಧಾನದ ತಿದ್ದುಪಡಿ ತಡೆಹಿಡಿದಿದೆ. 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಬಂದ ಮೇಲೆ ಈ ಅಳತೆ ಬದಲಾಗಬೇಕು. ಜನಸಂಖ್ಯೆಯನ್ನು ಹಿಡಿತದಲ್ಲಿಟ್ಟ ದಕ್ಷಿಣದ ರಾಜ್ಯಗಳ ತೂಕ ಆಗ ಕಡಿಮೆಯಾಗುತ್ತದೋ, ಉತ್ತರದ್ದು ಎಷ್ಟು ಏರುತ್ತದೋ ಎಂಬ ವಾದ ಈಗಾಗಲೇ ಶುರುವಾಗಿದೆ. ಪಕ್ಷಗಳ ಪೆನ್ಸಿಲ್ಲು ಹೊಸ ಅಂಕಿಗಳನ್ನು ಕೂಡಲು ಕಾಯುತ್ತಿದೆ. ಕೊಳಗ ಎಷ್ಟು ದೊಡ್ಡದು ಎಂದು ಒಡೆಯರನ್ನು ಕೇಳಿದ ತಾಲ್ಲೂಕಿನವರು ಈ ಕೊಳಗದ ಬಗ್ಗೆಯೂ ಕೇಳಬೇಕು.